ಎರೆ ನೆಲದ ಅಂಗಳಕ್ಕೆ ಬೇವೋ, ಲಾವಂಚವೋ

ಕಲಬುರಗಿಯ ಹೊರಗಿನ ಬಡಾವಣೆಯೊಂದರಲ್ಲಿ ಹೊಸದಾಗಿ ಮನೆ ಕಟ್ಟಿಸಿಕೊಂಡಿರುವ ನನ್ನ ಸೋದರಳಿಯನ ಹೆಂಡತಿ ಹೋದ ಬೇಸಿಗೆಯಲ್ಲಿ ಬಂದು, "ಅತ್ತಿ, ಮನಿ ಮುಂದ ಬೇವಿನ ಗಿಡ ಹಚ್ಚೋಣೇನ್ರಿ, ಇಲ್ಲಾ ಉದ್ದನ ಹುಲ್ಲು ಹಚ್ಚೋಣೇನ್ರಿ?" ಎಂದು ಕೇಳಿದಳು. ನಮ್ಮ ಸೀಮೆಯಲ್ಲಿ ಮರಕ್ಕೂ ಗಿಡವೆಂದೇ ಹೇಳುವ ರೂಢಿಯಿರುವುದರಿಂದಲೋ ಏನೋ, ನರ್ಸರಿಯ ಕಪ್ಪು ಚೀಲದಲ್ಲಿ ಪಕ್ಕಪಕ್ಕದಲ್ಲಿ ನಿಂತಿರುವಾಗ ಎರಡೂ ಒಂದೇ ಅಳತೆಯವೆಂದು ತೋರುತ್ತವೆ. ಆದರೆ ಒಂದು ನಲವತ್ತು ಐವತ್ತು ಅಡಿ ಎತ್ತರಕ್ಕೆ ಬೆಳೆದು ಅಷ್ಟೇ ಅಗಲಕ್ಕೆ ಹರಡಬಲ್ಲದು, ಇನ್ನೊಂದು ಆಳೆತ್ತರಕ್ಕೆ ಬಂದು ನಿಂತುಬಿಡುತ್ತದೆ. ಅವಳ ನಿವೇಶನ ಮೂವತ್ತು ಅಡಿಗೆ ನಲವತ್ತು ಅಡಿಯದು.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನೆಲವನ್ನು. ನಮ್ಮ ಕಪ್ಪು ಎರೆ ಮಣ್ಣು ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ, ಮಳೆ ಕುಡಿದ ಮೇಲೆ ಉಬ್ಬುತ್ತದೆ. ದೊಡ್ಡ ಮರವೊಂದು ಆ ಮಣ್ಣಿನಿಂದ ನೀರೆಳೆಯತೊಡಗಿದರೆ ಈ ಕುಗ್ಗುವಿಕೆ ಇನ್ನೂ ಆಳಕ್ಕೆ ಇಳಿಯುತ್ತದೆ. ಇದನ್ನು ನಾನು ಕಲಿತದ್ದು ನಷ್ಟದಿಂದ. ಮೂವತ್ತು ವರ್ಷಗಳ ಹಿಂದೆ ನಮ್ಮ ಕಂಪೌಂಡ್ ಗೋಡೆಯಿಂದ ಆರೇ ಅಡಿ ದೂರದಲ್ಲಿ ಬೇವಿನ ಸಸಿ ಹಚ್ಚಿದ್ದೆವು. ಹತ್ತು ಹನ್ನೆರಡು ವರ್ಷಗಳಾದ ಮೇಲೆ ಗೋಡೆಯಲ್ಲಿ ಸೀಳು ಕಾಣಿಸಿಕೊಂಡಿತು. ನೋಡಲು ಬಂದ ಗೌಂಡಿ ಬುನಾದಿಯೇ ಸಡಿಲವೆಂದು ಹೇಳಿ ಸಿಮೆಂಟು ಮೆತ್ತಿಹೋದ. ಮರುವರ್ಷ ಅದೇ ಜಾಗದಲ್ಲಿ ಸೀಳು ಬಾಯಿಬಿಟ್ಟಾಗ ನಾನು ಒಂದು ನಾಲ್ಕಾಣೆ ನಾಣ್ಯವನ್ನು ಹಿಡಿದು ನೋಡಿದೆ: ಏಪ್ರಿಲ್‌ನಲ್ಲಿ ನಾಣ್ಯ ಅಡ್ಡಿಯಿಲ್ಲದೆ ಒಳಗೆ ಹೋಗುತ್ತಿತ್ತು, ಸೆಪ್ಟೆಂಬರ್‌ನ ಮಳೆಗಳಾದ ಮೇಲೆ ಅದರ ಅಂಚೂ ತೂರುತ್ತಿರಲಿಲ್ಲ. ಹೀಗೆ ಕಾಲಕ್ಕೆ ತಕ್ಕಂತೆ ತೆರೆದು ಮುಚ್ಚುವ ಸೀಳಿಗೆ ಸಿಮೆಂಟು ಮದ್ದಲ್ಲ. ಆದ್ದರಿಂದ ಎರೆ ನೆಲದಲ್ಲಿ ಮನೆಯ ಗೋಡೆಗೂ ಬೇವಿಗೂ ನಡುವೆ ಕನಿಷ್ಠ ಇಪ್ಪತ್ತು ಅಡಿ ಇರಲಿ, ನೀರಿನ ತೊಟ್ಟಿ ಮತ್ತು ಶೌಚದ ಗುಂಡಿಯಿಂದಲೂ ಅಷ್ಟೇ ದೂರವಿರಲಿ ಎಂದು ಹೇಳುತ್ತೇನೆ. ಬೀದರಿನ ಕಡೆಯ ಕೆಂಪು ಜಂಬಿಟ್ಟಿಗೆ ನೆಲ ಹೀಗೆ ಉಬ್ಬಿ ಕುಗ್ಗುವುದಿಲ್ಲ; ಅಲ್ಲಿನವರಿಗೆ ಗುಂಡಿ ತೋಡಲು ಹಾರೆ ಹಿಡಿಯುವುದೊಂದೇ ಕಷ್ಟ.

ಜಾಗವಿದ್ದವರಿಗೆ ಬೇವಿಗಿಂತ ಒಳ್ಳೆಯದು ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ, ಅದಕ್ಕೆ ಕಾರಣ ಅದರ ಎಲೆಯ ಕಾಲ. ಫೆಬ್ರವರಿ ಮಾರ್ಚ್‌ನಲ್ಲಿ ಹಳೆಯ ಎಲೆಯುದುರಿಸಿ ಯುಗಾದಿಯ ಹೊತ್ತಿಗೆ ತಾಮ್ರವರ್ಣದ ಚಿಗುರು ತಳೆಯುವ ಈ ಗಿಡ, ಬಿಸಿಲು ನಲವತ್ತು ಡಿಗ್ರಿ ದಾಟುವ ದಿನಗಳಿಗೆ ಸರಿಯಾಗಿ ತುಂಬು ನೆರಳಾಗಿ ನಿಂತಿರುತ್ತದೆ. ಅದನ್ನು ಮನೆಯ ಪಶ್ಚಿಮಕ್ಕೆ ಹಚ್ಚಬೇಕು, ಏಕೆಂದರೆ ಗೋಡೆಯನ್ನು ಕಾಯಿಸಿ ರಾತ್ರಿಯಿಡೀ ಕೋಣೆಯನ್ನು ಬೇಯಿಸುವುದು ಮಧ್ಯಾಹ್ನ ಮೂರರ ಮೇಲಿನ ಬಿಸಿಲು. ಆದರೆ ಈ ನೆರಳಿಗೆ ಐದಾರು ವರ್ಷ ಕಾಯಬೇಕು. ಬೇವಿಗೆ ಬುಡದಲ್ಲಿ ನೀರು ನಿಲ್ಲುವುದು ಆಗಿಬರುವುದಿಲ್ಲ. ಅಂಗಳದ ತಗ್ಗಿನಲ್ಲಿ ಮಳೆನೀರು ನಿಲ್ಲುವುದಾದರೆ ಅಲ್ಲಿಗೆ ಹೊಂಗೆ ಸೂಕ್ತ.

ಗುಂಡಿ ಮೂರು ಅಡಿ ಉದ್ದ, ಅಗಲ, ಆಳದ್ದಿರಲಿ. ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಟ್ಟು, ಜೂನ್ ಮೊದಲ ಭಾಗದ ಮಿರಗದ (ಮೃಗಶಿರಾ) ಮಳೆ ಬಿದ್ದ ಮೇಲೆ ಎರೆ ಮಣ್ಣು, ಗರಸು (ಕಲ್ಲುಮಿಶ್ರಿತ ಒರಟು ಮಣ್ಣು) ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಸಮನಾಗಿ ಕಲೆಸಿ ತುಂಬಿರಿ. ಮೊದಲ ಎರಡು ಬೇಸಿಗೆಯಲ್ಲಿ ನೀರಿನ ಚಿಂತೆ ಇದ್ದೇ ಇರುತ್ತದೆ. ಸಸಿಯಿಂದ ಒಂದೂವರೆ ಅಡಿ ದೂರದಲ್ಲಿ ಮಣ್ಣಿನ ಗಡಿಗೆಯೊಂದನ್ನು ಕುತ್ತಿಗೆಯವರೆಗೆ ಹೂತು, ವಾರಕ್ಕೆರಡು ಸಲ ತುಂಬಿ, ಬಾಯಿಗೆ ಫರಸಿಯ (ಚಪ್ಪಡಿ ಕಲ್ಲಿನ) ಚೂರು ಮುಚ್ಚಿದರೆ ನೀರು ಜಿನುಗುತ್ತ ಬೇರಿಗೆ ಸೇರುತ್ತದೆ. ಬುಡಕ್ಕೆ ತೊಗರಿ ಹೊಟ್ಟನ್ನು ಹರಡುವುದು ಸರಿಯೇ. ಆದರೆ ಕಾಂಡಕ್ಕೆ ತಾಗಿಸಿದರೆ ಗೆದ್ದಲು ಹತ್ತುತ್ತದೆ. ಮಳೆಗಾಲದ ಕೊನೆಗೆ ಚಿಗುರುಗಳ ತುದಿ ಸುಟ್ಟಂತೆ ಒಣಗುವ ರೋಗ ಈಚೆಗೆ ಬೇವಿಗೆ ಬರುತ್ತಿದೆ. ಅದನ್ನು ಕಂಡು ಗಿಡ ಸತ್ತಿತೆಂದು ಕೊಡಲಿ ಹಾಕಬೇಡಿ. ಒಣಗಿದ ತುದಿಗಳನ್ನು ಕತ್ತರಿಸಿ ಸುಟ್ಟುಬಿಟ್ಟರೆ ಸಾಮಾನ್ಯವಾಗಿ ಮುಂದಿನ ಯುಗಾದಿಗೆ ಮತ್ತೆ ಚಿಗುರುತ್ತದೆ. ಅಲ್ಲದೆ ಊರೊಳಗೆ ಬೆಳೆದ ಬೇವನ್ನು ಮನಸ್ಸು ಬಂದಂತೆ ಕಡಿಯಲು ಬರುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಪಡೆಯಬೇಕಾಗುತ್ತದೆ. ತಪ್ಪಾದ ಜಾಗದಲ್ಲಿ ಹಚ್ಚಿದ ಹುಲ್ಲನ್ನಾದರೆ ಒಂದು ಬೆಳಿಗ್ಗೆ ಸಲಿಕೆ ಹಿಡಿದು ಎತ್ತಿ ಬೇರೆಡೆ ಇಡಬಹುದು.

ಇನ್ನು ಹುಲ್ಲಿನ ಮಾತು. ಕುಚ್ಚಿನಂತಹ ತೆನೆ ಬಿಡುವ ಫೌಂಟನ್ ಗ್ರಾಸ್ ಎಂಬುದನ್ನು ಈಗ ನರ್ಸರಿಗಳಲ್ಲಿ ಮಾರುತ್ತಾರೆ. ನೋಡಲು ಚೆಂದವೇ, ಆದರೆ ಹಸಿರೆಲೆಯ ಜಾತಿ ಗಾಳಿಗೆ ಬೀಜ ತೂರಿ ನೆರೆಹೊರೆಯ ಖಾಲಿ ಜಾಗವನ್ನೆಲ್ಲ ಆವರಿಸಬಲ್ಲದು, ಯುರೋಪ್ ಒಕ್ಕೂಟವು 2017ರಲ್ಲಿ ಅದನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿದ್ದು ಈ ಕಾರಣಕ್ಕೇ. ನಾನು ಸೂಚಿಸುವುದು ಲಾವಂಚವನ್ನು, ನಮ್ಮಲ್ಲಿ ಅನೇಕರು ಖಸ್ ಎನ್ನುವುದನ್ನು. ನೆಟ್ಟು ಬೆಳೆಸುವ ಜಾತಿ ಬೀಜದಿಂದ ಹರಡುವುದಿಲ್ಲ, ಮಡಿಯನ್ನು, ಅಂದರೆ ಒತ್ತಾಗಿ ಬೆಳೆದ ಹುಲ್ಲಿನ ಬುಡವನ್ನು, ಬಿಡಿಸಿ ಬೇರುಸಹಿತ ಸಿಬಿರುಗಳನ್ನು (ಬಿಡಿ ಕವಲುಗಳನ್ನು) ನೆಟ್ಟೇ ಬೆಳೆಸಬೇಕು. ಬೇರುಗಳು ಪಕ್ಕಕ್ಕೆ ಹರಿಯದೆ ನೆಟ್ಟಗೆ ಎಂಟು ಹತ್ತು ಅಡಿಯವರೆಗೂ ಇಳಿಯಬಲ್ಲವು, ಹೀಗಾಗಿ ಗೋಡೆಯಿಂದ ಮೂರು ಅಡಿಗೆ ಹಚ್ಚಿದರೂ ನನಗೆ ತೊಂದರೆ ಕಂಡಿಲ್ಲ. ಗುಂಡ್ಲುಪೇಟೆಯ ಸುತ್ತಿನ ರೈತರು ಬಹುಕಾಲದಿಂದ ಹೊಲದ ಬದುಗಳಿಗೆ ಇದನ್ನೇ ಹಚ್ಚಿ ಮಣ್ಣು ಕೊಚ್ಚಿಹೋಗದಂತೆ ತಡೆದಿದ್ದಾರೆ. ಮಾಳಿಗೆಯ ನೀರು ರಭಸದಿಂದ ಬಿದ್ದು ಅಂಗಳದ ಅಂಚು ಕೊರೆಯುವ ಕಡೆ ಅರ್ಧ ಅಡಿಗೊಂದರಂತೆ ಸಾಲಾಗಿ ನೆಟ್ಟರೆ ಎರಡನೆಯ ಮಳೆಗಾಲಕ್ಕೆ ಅದು ಒಡ್ಡಿನಂತೆ ನಿಲ್ಲುತ್ತದೆ.

ಲಾವಂಚದ ಬೇರಿಗಾಗಿಯೇ ಹಚ್ಚುವವರಿಗೆ ಒಂದು ಮಾತು. ಬೇರನ್ನು ತೊಳೆದು ರಂಜಣಿಗೆಯಲ್ಲಿ (ಕುಡಿಯುವ ನೀರಿನ ಮಣ್ಣಿನ ಪಾತ್ರೆಯಲ್ಲಿ) ಹಾಕಿದರೆ ನೀರಿಗೆ ಬರುವ ಪರಿಮಳ ಎಲ್ಲರಿಗೂ ಗೊತ್ತು; ನಮ್ಮ ಅತ್ತೆಯವರು ಬೇಸಿಗೆಯಲ್ಲಿ ಕಿಟಕಿಗೆ ಈ ಬೇರಿನಿಂದ ಹೆಣೆದ ಖಸ್ ತಟ್ಟಿ ಕಟ್ಟಿ ಮಧ್ಯಾಹ್ನಕ್ಕೊಮ್ಮೆ ನೀರು ಎರಚುತ್ತಿದ್ದರು. ಅದೇ ಆಸೆಯಿಂದ ನಾನು ಎರೆ ಮಣ್ಣಿನಲ್ಲಿದ್ದ ಮಡಿಯೊಂದನ್ನು ಅಗೆಸಿದೆ. ಮಣ್ಣು ನಾದಿದ ಕಣಕದಂತೆ ಬೇರಿಗೆ ಅಂಟಿಕೊಂಡು, ಎರಡು ಬಕೆಟ್ ನೀರಿನಲ್ಲಿ ನೆನೆಸಿ ಜಾಲಿಸಿದರೂ ಬಿಡದೆ, ಕೊನೆಗೆ ಕೈಗೆ ಬಂದದ್ದು ಗೇಣುದ್ದದ ತುಂಡು ಎಳೆಗಳು ಮಾತ್ರ. ಅಂದಿನಿಂದ ಬೇರಿಗೆಂದು ಬೆಳೆಸುವುದನ್ನು ಮರಳು, ಗೊಬ್ಬರ ತುಂಬಿದ ಸಿಮೆಂಟು ಚೀಲದಲ್ಲೇ ಬೆಳೆಸಿ, ಒಂದೂವರೆ ವರ್ಷಕ್ಕೆ ಚೀಲ ಹರಿದು ತೆಗೆಯುತ್ತೇನೆ.

ಹುಲ್ಲು ನೆರಳು ಕೊಡುವುದಿಲ್ಲ, ನೆರಳನ್ನು ತಾಳುವುದೂ ಇಲ್ಲ. ಬೇವಿನ ಸಸಿಯ ಸುತ್ತ ಲಾವಂಚ ಹಚ್ಚಿದರೆ ಮೊದಲ ನಾಲ್ಕು ವರ್ಷ ಸೊಗಸಾಗಿ ಕಂಡು, ಮೇಲೆ ಕೊಂಬೆ ಕೂಡಿದ ಹಾಗೆಲ್ಲ ಸೊರಗುತ್ತದೆ. ಆ ನಾಲ್ಕು ವರ್ಷವೂ ಅದು ಸಸಿಯ ಪಾಲಿನ ನೀರನ್ನು ಕುಡಿದಿರುತ್ತದೆ. ಎರಡನ್ನೂ ಹಚ್ಚುವವರು ನಡುವೆ ಹತ್ತು ಅಡಿಯಾದರೂ ಬಿಡಲಿ. ಹುಲ್ಲನ್ನು ಶಿವರಾತ್ರಿಯ ಹೊತ್ತಿಗೆ ನೆಲದಿಂದ ಒಂದು ಅಡಿಗೆ ಕೊಯ್ದು, ಒಣಗಿದ ಗರಿಯನ್ನು ಬುಡದಿಂದ ಬಿಡಿಸಿಬಿಡಬೇಕು. ಹೋಳಿಯ ಕಿಡಿಗೆ ಅದು ಹುಲ್ಲಿನ ಬಣವೆಯಂತೆ ಹೊತ್ತಿಕೊಳ್ಳುತ್ತದೆ, ಹಾಗೇ ಬಿಟ್ಟರೆ ಬುಡದಲ್ಲಿ ಇಲಿ ಸೇರಿ ಅದರ ಬೆನ್ನಿಗೆ ಹಾವೂ ಬರುತ್ತದೆ. ಬಾಗಿಲ ಪಕ್ಕದಲ್ಲಿ ಮಾತ್ರ ಹಚ್ಚಲೇಬೇಡಿ.

ನಮ್ಮ ಸೊಸೆಯ ಮನೆಗೆ ಪಶ್ಚಿಮದಲ್ಲಿ ಗೋಡೆಯಿಂದ ಕಂಪೌಂಡಿಗೆ ಎಂಟೇ ಅಡಿ. ಗೇಟಿನಾಚೆ ರಸ್ತೆಯ ಅಂಚಿನಲ್ಲಿ ಹಚ್ಚೋಣವೆಂದರೆ ಮೇಲೆ ವಿದ್ಯುತ್ ತಂತಿ. ಹೀಗಾಗಿ ಬೇವನ್ನು ಬಿಟ್ಟು, ಮಾಳಿಗೆಯ ನೀರು ಬೀಳುವ ಅಂಚಿಗೆ ನನ್ನ ಹಿತ್ತಲಿನ ಮಡಿಯೊಂದರಿಂದ ಬಿಡಿಸಿದ ಇಪ್ಪತ್ತೆರಡು ಸಿಬಿರುಗಳನ್ನು ಮಿರಗದ ಮಳೆಯ ಮೂರನೆಯ ದಿನ ನೆಟ್ಟೆವು. ಎರಡನ್ನು ಪಕ್ಕದ ಮನೆಯ ಮೇಕೆ ತಿಂದಿತು, ಉಳಿದ ಇಪ್ಪತ್ತು ಚಿಗುರಿವೆ. ಪಶ್ಚಿಮದ ಕಿಟಕಿಗೆ ಸದ್ಯಕ್ಕೆ ಖಸ್ ತಟ್ಟಿಯನ್ನೇ ಕಟ್ಟಿಕೊಳ್ಳಲು ಹೇಳಿದ್ದೇನೆ.