ಶ್ರೀಲಂಕಾ: ಮೊದಲು ಮಳೆ ನೋಡಿ, ಆಮೇಲೆ ಊರು ಆರಿಸಿ

ನಕ್ಷೆಯಲ್ಲಿ ಶ್ರೀಲಂಕಾ ಅಂಗೈಯಷ್ಟೇ ಕಾಣುತ್ತದೆ. ಉದ್ದ ಸುಮಾರು 430 ಕಿ.ಮೀ., ಅಗಲ ಹೆಚ್ಚೆಂದರೆ 225. ವಾರದೊಳಗೆ ಇಡೀ ದ್ವೀಪ ಸುತ್ತಿಬಿಡೋಣ ಎಂದು ಹೊರಡುವವರು ಎಡವುವುದು ಇಲ್ಲೇ. ಕೊಲಂಬೊದಿಂದ ಕ್ಯಾಂಡಿಗೆ 115 ಕಿ.ಮೀ. ಮಾತ್ರ, ಆದರೂ ಮೂರು ಗಂಟೆ ಹಿಡಿಯುತ್ತದೆ. ಗುಡ್ಡ ಹತ್ತಿದ ಮೇಲಂತೂ ಇನ್ನೂ ನಿಧಾನ.

ಹಾಗಾಗಿ ಊರುಗಳ ಪಟ್ಟಿ ಬದಿಗಿಟ್ಟು ತಿಂಗಳು ನೋಡಿ. ಇಲ್ಲಿ ಮಳೆಗಾಲ ಎರಡು. ಮೇನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದ ಮಳೆ ನಡುವಿನ ಬೆಟ್ಟಗಳಿಗೆ ಬಡಿದು ಪಡುವಣ ಮಗ್ಗುಲಲ್ಲೇ ಸುರಿದುಬಿಡುತ್ತದೆ. ಆಗ ಟ್ರಿಂಕೋಮಲಿ, ಅರುಗಂ ಬೇ ಇರುವ ಪೂರ್ವ ಕರಾವಳಿಯಲ್ಲಿ ಬಿಸಿಲು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯದ ಸರದಿ. ಆಗ ದಕ್ಷಿಣ ಕರಾವಳಿಯ ಗಾಲ್, ಮಿರಿಸ್ಸಾ ಕಡೆ ಸಮುದ್ರ ಶಾಂತ. ಅಕ್ಟೋಬರ್–ನವೆಂಬರ್‌ನಲ್ಲಿ ಮಧ್ಯಾಹ್ನದ ಗುಡುಗು ಮಳೆ ಎಲ್ಲಿ ಬೇಕಾದರೂ ಬರಬಹುದು. ಎರಡೂ ಕರಾವಳಿಯನ್ನು ಒಂದೇ ಪ್ರವಾಸದಲ್ಲಿ ತುರುಕಬೇಡಿ.

ಮೊದಲ ಸಲಕ್ಕೆ ಒಂಬತ್ತು ರಾತ್ರಿ ಸಾಕು: ನೆಗೊಂಬೊ ಒಂದು, ಸಿಗಿರಿಯಾ ಎರಡು, ಕ್ಯಾಂಡಿ ಎರಡು, ‘ಎಲ್ಲ’ (Ella) ಎಂಬ ಬೆಟ್ಟದೂರು ಎರಡು, ಕೊನೆಯ ಎರಡು ಆ ತಿಂಗಳಿಗೆ ಹೊಂದುವ ಕಡಲತೀರದಲ್ಲಿ. ನೆಗೊಂಬೊ ಯಾಕೆಂದರೆ, ಕಟುನಾಯಕದ ವಿಮಾನ ನಿಲ್ದಾಣಕ್ಕೆ ಕೊಲಂಬೊಗಿಂತ ಅದೇ ಹತ್ತಿರ.

ಸಿಗಿರಿಯಾ 5ನೇ ಶತಮಾನದಲ್ಲಿ ಕಶ್ಯಪ ರಾಜ ಕಟ್ಟಿಸಿದ ಬಂಡೆಕೋಟೆ, ಸುಮಾರು 1,200 ಮೆಟ್ಟಿಲು. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಬಿಸಿಲೇರಿದ ಮೇಲೆ ಕೋಟೆ ಬಾಗಿಲಿನ ಸಿಂಹಶಿಲ್ಪದ ಪಂಜಗಳ ನಡುವಿನ ಕಬ್ಬಿಣದ ಮೆಟ್ಟಿಲು ಕಾಯುತ್ತದೆ, ಅಲ್ಲಿ ನೆರಳೂ ಇಲ್ಲ. ಬಂಡೆಗೆ ಅಂಟಿದ ಕಣಜದ ಗೂಡುಗಳಿವೆ. ‘ಸದ್ದು ಮಾಡಬೇಡಿ’ ಎಂಬ ಫಲಕ ತಮಾಷೆಗೆ ಹಾಕಿದ್ದಲ್ಲ. ಆಗಸ್ಟ್–ಸೆಪ್ಟೆಂಬರ್ ಆದರೆ ಅದೇ ದಿನ ಸಂಜೆ ಮಿನ್ನೇರಿಯಾಕ್ಕೆ ಹೋಗಿ. ಮಹಾಸೇನ ರಾಜನ ಕಾಲದ ಆ ಕೆರೆಯ ನೀರು ಇಳಿದಾಗ ಅಂಗಳದಲ್ಲಿ ಎಳೆಹುಲ್ಲು ಚಿಗುರುತ್ತದೆ, ಅದಕ್ಕೆ ಆನೆಗಳು ನೂರರ ಲೆಕ್ಕದಲ್ಲಿ ಬರುತ್ತವೆ.

ಕ್ಯಾಂಡಿಯಿಂದ ‘ಎಲ್ಲ’ ಊರಿಗೆ ರೈಲು, ಆರೇಳು ಗಂಟೆ. ಎರಡನೇ ದರ್ಜೆಯ ಕಾಯ್ದಿರಿಸಿದ ಸೀಟೇ ವಾಸಿ: ಕಿಟಕಿ ತೆರೆಯುತ್ತದೆ. ಎ.ಸಿ. ಬೋಗಿಯಲ್ಲಿ ಗಾಜಿನೊಳಗಿಂದ ನೋಡಬೇಕಷ್ಟೆ. ಕೆಲವು ರೈಲು ಕ್ಯಾಂಡಿಗೆ ಬರುವುದೇ ಇಲ್ಲ, ಪೇರಾದೆನಿಯಾ ಜಂಕ್ಷನ್‌ನಲ್ಲಿ ಹತ್ತಬೇಕು. ನಡುದಾರಿಯ ಗಿರಿಧಾಮ ನುವರ ಎಲಿಯಾಕ್ಕೆ ಇಳಿಯಬೇಕಾದ್ದು ‘ನಾನು ಓಯ’ (Nanu Oya) ಎಂಬ ನಿಲ್ದಾಣದಲ್ಲಿ. ಆ ಊರಿನ ಹೆಸರಿಗಾಗಿ ಕಾಯುತ್ತಾ ಕೂತವರು ಮುಂದಿನ ನಿಲ್ದಾಣ ಸೇರುತ್ತಾರೆ. ಜೋರು ಮಳೆಗೆ ಗುಡ್ಡ ಕುಸಿದು ಈ ಮಾರ್ಗ ಬಂದ್ ಆಗುವುದುಂಟು, ಟಿಕೆಟ್ ತೆಗೆಯುವ ಮೊದಲೇ ವಿಚಾರಿಸಿ.

ಕಿಟಕಿಯಾಚೆಯ ಚಹಾ ತೋಟಗಳಿಗೂ ಕಥೆಯಿದೆ. 1867ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಟೇಲರ್ ಕ್ಯಾಂಡಿ ಬಳಿಯ ಲೂಲ್‌ಕಂದೂರ ತೋಟದಲ್ಲಿ ಚಹಾ ಹಾಕಿದ. ಮುಂದೆ ಎಲೆರೋಗ ಬೆಟ್ಟಗಳಲ್ಲಿದ್ದ ಕಾಫಿ ಬೆಳೆಯನ್ನು ಮುಗಿಸಿದಾಗ ಬೆಟ್ಟವೆಲ್ಲ ಚಹಾ ಆಯಿತು. ಎಲೆ ಕೀಳುವವರಲ್ಲಿ ಬಹುಪಾಲು ಬ್ರಿಟಿಷರ ಕಾಲದಲ್ಲಿ ಬಂದ ತಮಿಳರ ಮಕ್ಕಳು, ಮೊಮ್ಮಕ್ಕಳು. ಉತ್ತರದ ಜಾಫ್ನಾದ ತಮಿಳರು ಅವರಿಗಿಂತ ಶತಮಾನಗಳಷ್ಟು ಹಿಂದಿನವರು, ಇಬ್ಬರನ್ನೂ ಒಂದೇ ಮಾಡಿ ಮಾತಾಡಬೇಡಿ. ಮುಸ್ಲಿಮರಲ್ಲೂ ಹೆಚ್ಚಿನವರ ಮನೆಮಾತು ತಮಿಳು. ಡಚ್ಚರು, ಪೋರ್ಚುಗೀಸರ ವಂಶದ ಬರ್ಗರ್ ಸಮುದಾಯ ಈಗ ಚಿಕ್ಕದು, ಆದರೆ ಬಾಳೆಲೆಯಲ್ಲಿ ಸುತ್ತಿ ಬೇಯಿಸುವ ಅವರ ‘ಲಂಪ್ರೈಸ್’ ಎಂಬ ಅನ್ನದ ಊಟ ಕೊಲಂಬೊದಲ್ಲಿ ಸಿಗುತ್ತದೆ. ಬಿಡದೆ ತಿನ್ನಿ.

ಸಿಂಹಳ, ತಮಿಳು ಎರಡೂ ಅಧಿಕೃತ ಭಾಷೆ. ‘ಆಯುಬೋವನ್’ ಅಂದರೆ ನಮಸ್ಕಾರ. ‘ಆಯು’ ನಮ್ಮ ಕಿವಿಗೆ ಹೊಸದಲ್ಲ. ಉತ್ತರದಲ್ಲಿ ‘ವಣಕ್ಕಂ’ ಅನ್ನಿ.

ಬೌದ್ಧ ದೇಗುಲಗಳಲ್ಲಿ ಭುಜ, ಮಂಡಿ ಮುಚ್ಚಿರಬೇಕು. ಚಪ್ಪಲಿ, ಟೋಪಿ ಎರಡೂ ಹೊರಗೆ. ಹಳೆಯ ರಾಜಧಾನಿ ಅನುರಾಧಪುರದ ಕಲ್ಲುಹಾಸು ಮಧ್ಯಾಹ್ನ ಕಾದ ಹೆಂಚು, ಚೀಲದಲ್ಲಿ ಒಂದು ಜೊತೆ ಕಾಲುಚೀಲ ಇರಲಿ. ಬುದ್ಧನಿಗೆ ಬೆನ್ನು ಕೊಟ್ಟು ಫೋಟೊ ತೆಗೆಸಿಕೊಳ್ಳುವುದು ಅಪಚಾರ. ಪ್ರತಿ ಹುಣ್ಣಿಮೆಯೂ ‘ಪೋಯ’ ರಜೆ: ಮದ್ಯ ಮಾರುವುದಿಲ್ಲ, ಬಸ್ಸು ರೈಲು ತುಂಬಿ ತುಳುಕುತ್ತವೆ. ಆ ದಿನ ಊರು ಬದಲಿಸುವ ಯೋಜನೆ ಇಟ್ಟುಕೊಳ್ಳಬೇಡಿ.