ಕ್ವಾರಿ ಪಕ್ಕದಲ್ಲಿ ಮನೆಯಿದ್ದರೆ: ಜಗಳಕ್ಕೆ ಮೊದಲೇ ಅಳತೆ ಇಟ್ಟುಕೊಳ್ಳುವುದು ಹೇಗೆ?

ಕಲ್ಲು ಕ್ವಾರಿಗೂ ಪಕ್ಕದ ಊರಿಗೂ ನಡೆಯುವ ಜಗಳ ಹೆಚ್ಚಾಗಿ ಒಂದೇ ಥರ ಇರುತ್ತದೆ. ‘ನಿಮ್ಮ ಬ್ಲಾಸ್ಟಿಂಗ್‌ನಿಂದ ನಮ್ಮ ಗೋಡೆ ಬಿರುಕು ಬಿಟ್ಟಿದೆ’ ಅಂತ ಇವರು. ‘ಅದು ಮೊದಲೇ ಇತ್ತು’ ಅಂತ ಅವರು. ಇಬ್ಬರ ಹತ್ತಿರವೂ ಸಾಕ್ಷಿ ಇರುವುದಿಲ್ಲ. ಕೊನೆಗೆ ಯಾರ ಗಂಟಲು ದೊಡ್ಡದೋ ಅವರು ಗೆಲ್ಲುತ್ತಾರೆ. ಎರಡೂ ಕಡೆಯವರು ಒಪ್ಪುವ ಅಳತೆ ಕೈಯಲ್ಲಿದ್ದರೆ ಈ ಜಗಳಗಳಲ್ಲಿ ಬಹಳಷ್ಟು ಹುಟ್ಟುವುದೇ ಇಲ್ಲ. ಆ ಅಳತೆಯನ್ನು ಒಂದೊಂದಾಗಿ ಹೇಗೆ ಕೂಡಿಸಿಕೊಳ್ಳಬೇಕು ಅಂತ ನೋಡೋಣ.

1. ಮನೆ, ಬಾವಿಗಳ ಸ್ಥಿತಿ ಬರೆದಿಡಿ

ಕ್ವಾರಿ ಶುರುವಾಗುವ ಮೊದಲೇ ಈ ಕೆಲಸ ಆಗಬೇಕು. ಈಗಾಗಲೇ ಶುರುವಾಗಿದ್ದರೆ ಇವತ್ತೇ ಮಾಡಿ. ಕೋಣೆ ಕೋಣೆಯ ಫೋಟೊ ತೆಗೆಯಿರಿ. ಬಿರುಕಿನ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದರೆ ಅಗಲ ಗೊತ್ತಾಗುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಮುಂದೆ ಅದು ಬೆಳೆದರೆ ಗೆರೆಯೇ ಹೇಳುತ್ತದೆ. ಪಟ್ಟಿಗೆ ಎರಡೂ ಕಡೆಯವರು ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ಬಿಸಿಲು, ಮಳೆ, ತಳದ ಮಣ್ಣು ಉಬ್ಬಿ ಕುಗ್ಗುವುದು, ಇವುಗಳಿಂದಲೂ ಗೋಡೆ ಬಿರುಕು ಬಿಡುತ್ತದೆ. ಅದಕ್ಕೇ ಈ ಗೆರೆಗಳು ಮನೆಯವರಿಗೆ ಎಷ್ಟು ಮುಖ್ಯವೋ ಕ್ವಾರಿಯವರಿಗೂ ಅಷ್ಟೇ ಮುಖ್ಯ.

ಬಾವಿ, ಬೋರ್‌ವೆಲ್‌ಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆಯಿರಿ. ಕ್ವಾರಿ ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಹೋದರೆ ಒಳಗೆ ಸೇರುವ ನೀರನ್ನು ಪಂಪ್ ಮಾಡಿ ಹೊರಹಾಕಲೇಬೇಕು. ಆಗ ಸುತ್ತಲಿನ ಬಾವಿಗಳ ಮಟ್ಟ ಇಳಿಯಬಹುದು. ಆದರೆ ಬೇಸಿಗೆಯಲ್ಲಿ ಬಾವಿ ಹೇಗೂ ಇಳಿಯುತ್ತದೆ, ಅಲ್ವಾ? ಹಾಗಾಗಿ ಕಡಿಮೆಯೆಂದರೂ ಒಂದು ಪೂರ್ತಿ ವರ್ಷದ ಲೆಕ್ಕ ಬೇಕು.

2. ಬ್ಲಾಸ್ಟಿಂಗ್ ಬಗ್ಗೆ ಸರಿಯಾದ ಪ್ರಶ್ನೆ ಕೇಳಿ

ಜಾಸ್ತಿ ಜಗಳ ಆಗುವುದೇ ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ನೆಲದ ಕಂಪನವನ್ನು ಸೆಕೆಂಡಿಗೆ ಎಷ್ಟು ಮಿಲಿಮೀಟರ್ ಅಂತ ಅಳೆಯುತ್ತಾರೆ. ಸೆಕೆಂಡಿಗೆ 1 ಮಿ.ಮೀ.ಗಿಂತ ಕಡಿಮೆ ಇದ್ದರೂ ನಮ್ಮ ಮೈಗೆ ಗೊತ್ತಾಗುತ್ತದೆ. ಗೋಡೆ ಹಾಳಾಗಲು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬೇಕು. ಅಮೆರಿಕದ ಗಣಿ ಬ್ಯೂರೊ 1980ರ ವರದಿಯಲ್ಲಿ ಸೆಕೆಂಡಿಗೆ ಕಡಿಮೆ ಸಲ ಅಲುಗುವ ಕಂಪನಕ್ಕೆ ಹಳೇ ಪ್ಲಾಸ್ಟರ್ ಗೋಡೆಯ ಮನೆಗಳಲ್ಲಿ ಸೆಕೆಂಡಿಗೆ 12.7 ಮಿ.ಮೀ. ಮಿತಿ ಸೂಚಿಸಿತ್ತು. ಭಾರತದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಇನ್ನೂ ಬಿಗಿ. ನೆಲ ಸೆಕೆಂಡಿಗೆ ಎಷ್ಟು ಸಲ ಅಲುಗಿತು ಅನ್ನುವುದರ ಲೆಕ್ಕ ಹರ್ಟ್ಸ್. ಊರಿನ ಸಾಮಾನ್ಯ ಮನೆಗಳಿಗೆ ಕಂಪನ 8 ಹರ್ಟ್ಸ್‌ಗಿಂತ ಕಡಿಮೆ ಇದ್ದರೆ 5 ಮಿ.ಮೀ., 8ರಿಂದ 25 ಹರ್ಟ್ಸ್‌ವರೆಗೆ 10 ಮಿ.ಮೀ., ಅದಕ್ಕೂ ಮೇಲಾದರೆ 15 ಮಿ.ಮೀ. ಮಿತಿ.

ಅಂದರೆ ನಡುಕ ಗೊತ್ತಾಯಿತು ಅಂದ ಮಾತ್ರಕ್ಕೆ ಮನೆ ಹಾಳಾಯಿತು ಅಂತಲ್ಲ. ಹಾಗಂತ ಕ್ವಾರಿಯವರು ‘ನಿಮಗೆ ಏನೂ ಗೊತ್ತಾಗಲ್ಲ’ ಅಂತ ಮಾತು ಕೊಡಲೇಬಾರದು. ಮೊದಲ ಬ್ಲಾಸ್ಟ್‌ಗೇ ಆ ಮಾತು ಸುಳ್ಳಾಗುತ್ತದೆ. ಆಮೇಲೆ ನಿಜ ಹೇಳಿದರೂ ಯಾರೂ ನಂಬುವುದಿಲ್ಲ.

ಕಿಟಕಿ ಗಡಗಡ ಅನ್ನುವುದಕ್ಕೆ ಎಷ್ಟೋ ಸಲ ಕಾರಣ ನೆಲವಲ್ಲ, ಗಾಳಿಯ ಒತ್ತಡದ ಅಲೆ. ಮುಂಜಾನೆ ನೆಲದ ಹತ್ತಿರ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ಇದ್ದರೆ ಸದ್ದು ಮೇಲಕ್ಕೆ ಹೋಗದೆ ಬಾಗಿ ಊರಿನ ಕಡೆಗೇ ಬರುತ್ತದೆ. ಅದಕ್ಕೇ ಬಿಸಿಲು ಏರಿದ ಮೇಲೆ ಸಿಡಿಸುವುದು ಒಳ್ಳೆಯದು. ಗಾಳಿ ಊರಿನ ಕಡೆ ಬೀಸುತ್ತಿದ್ದರೆ ಮುಂದಕ್ಕೆ ಹಾಕುವುದು ಇನ್ನೂ ಒಳ್ಳೆಯದು. ಆಸ್ಟ್ರೇಲಿಯಾದ ಮಾರ್ಗಸೂಚಿಯಲ್ಲಿ ಈ ಒತ್ತಡಕ್ಕೂ ಮಿತಿ ಇದೆ. ನೂರಕ್ಕೆ 95 ಬ್ಲಾಸ್ಟ್‌ಗಳು 115 ಡೆಸಿಬಲ್ ದಾಟಬಾರದು.

‘ಇವತ್ತು ಒಟ್ಟು ಎಷ್ಟು ಮದ್ದು?’ ಅಂತ ಊರಿನವರು ಕೇಳುತ್ತಾರೆ. ಅದರಿಂದ ಹೆಚ್ಚು ಗೊತ್ತಾಗುವುದಿಲ್ಲ. ಬಂಡೆಯಲ್ಲಿ ಕೊರೆದು ಮದ್ದು ತುಂಬಿದ ಕುಳಿಗಳು ಕೆಲವು ಮಿಲಿಸೆಕೆಂಡ್ ಅಂತರದಲ್ಲಿ ಒಂದರ ಹಿಂದೆ ಒಂದು ಸಿಡಿಯುತ್ತವೆ. ಒಂದೇ ಕ್ಷಣಕ್ಕೆ ಎಷ್ಟು ಕಿಲೊ ಮದ್ದು ಸಿಡಿಯಿತು ಅನ್ನುವುದರ ಮೇಲೆ ಕಂಪನ ನಿಂತಿದೆ. ಕೇಳಬೇಕಾದ್ದು ಅದನ್ನೇ. ಇನ್ನೊಂದು ಪ್ರಶ್ನೆ: ಕುಳಿಯ ಬಾಯಿಯನ್ನು ಎಷ್ಟು ಆಳಕ್ಕೆ, ಯಾವುದರಿಂದ ಮುಚ್ಚುತ್ತೀರಿ? ಜಲ್ಲಿ ಚೂರು ಹಾಕಿ ಸರಿಯಾಗಿ ಮುಚ್ಚದಿದ್ದರೆ ಕಲ್ಲು ಹಾರುತ್ತದೆ. ಕಲ್ಲು ಹಾರುವುದು ಕಿರಿಕಿರಿಯ ವಿಷಯವಲ್ಲ, ಪ್ರಾಣದ ವಿಷಯ. ಒಮ್ಮೆ ಹಾರಿದರೂ ಕೆಲಸ ನಿಲ್ಲಿಸಿ ಕಾರಣ ಹುಡುಕಬೇಕು.

ಕಂಪನ ಅಳೆಯುವ ಯಂತ್ರವನ್ನು ಕ್ವಾರಿಯ ಗೇಟಿನಲ್ಲಿ ಇಟ್ಟರೆ ಸುಮ್ನೆ. ಹತ್ತಿರದ ಮನೆಯ ಅಂಗಳದಲ್ಲೇ ಇಡಬೇಕು. ಅಂಕಿ ಬಂದ ದಿನವೇ ಮನೆಯವರಿಗೂ ತೋರಿಸಬೇಕು. ಬ್ಲಾಸ್ಟ್ ಸಮಯ ಹಿಂದಿನ ದಿನವೇ ಮೆಸೇಜ್‌ನಲ್ಲಿ ಬರಲಿ, ಸಿಡಿಸುವ ಮುಂಚೆ ಸೈರನ್ ಆಗಲಿ. ಸಮಯ ಬದಲಾದರೆ ಅದನ್ನೂ ತಿಳಿಸಿ. ತೊಟ್ಟಿಲಲ್ಲಿ ಮಗು ಇರುವ ಮನೆಗೆ, ಹೃದಯದ ಕಾಯಿಲೆ ಇರುವವರಿಗೆ ಈ ಮೆಸೇಜ್ ಬಹಳ ದೊಡ್ಡದು.

3. ದೂಳನ್ನು ಎರಡಾಗಿ ನೋಡಿ

ಎಲೆ ಮೇಲೆ, ಒಣ ಹಾಕಿದ ಬಟ್ಟೆ ಮೇಲೆ ಕೂರುವ ದೂಳು ದಪ್ಪನೆಯದು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. 30 ಮೈಕ್ರಾನ್‌ಗಿಂತ ದೊಡ್ಡ ಕಣಗಳಲ್ಲಿ ಹೆಚ್ಚಿನವು ಸುಮಾರು 100 ಮೀಟರ್ ಒಳಗೇ ಬೀಳುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಸಣ್ಣ ಕಣಗಳು ದೂರ ಹೋಗುತ್ತವೆ, ಕಣ್ಣಿಗೂ ಕಾಣುವುದಿಲ್ಲ. ಕಲ್ಲಿನಲ್ಲಿರುವ ಹರಳು ಸಿಲಿಕಾದ ಸಣ್ಣ ದೂಳು ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ. ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಕೂಡ ಇದರಿಂದಲೇ. ಮೊದಲ ಅಪಾಯ ಕ್ರಷರ್ ಪಕ್ಕ ದುಡಿಯುವವರಿಗೆ. ಅವರಲ್ಲಿ ಎಷ್ಟೋ ಮಂದಿ ಅದೇ ಊರಿನವರು ಅನ್ನುವುದನ್ನು ಮರೆಯಬೇಡಿ.

ದಪ್ಪ ದೂಳಿಗೆ ಅಗಲ ಬಾಯಿಯ ಪಾತ್ರೆಯನ್ನು ತಿಂಗಳಿಡೀ ಹೊರಗಿಟ್ಟು ತೂಗಿದರೆ ಸಾಕು. ಸಣ್ಣ ದೂಳಿಗೆ ಪಿಎಂ 10, ಪಿಎಂ 2.5 (ಅಂದರೆ 10 ಮತ್ತು 2.5 ಮೈಕ್ರಾನ್ ಒಳಗಿನ ಕಣಗಳು) ಅಳೆಯುವ ಯಂತ್ರ ಬೇಕು. ಯಾವ ದಿನ ಗಾಳಿ ಯಾವ ಕಡೆ ಬೀಸಿತು ಅಂತಲೂ ಬರೆದಿಡಿ. ಅದಿಲ್ಲದೆ ದೂಳಿನ ಲೆಕ್ಕ ಅರ್ಧವೇ. ಕ್ರಷರ್‌ಗೆ ಮುಚ್ಚಿಗೆ, ಟಿಪ್ಪರ್ ಓಡುವ ದಾರಿಗೆ ನೀರು, ಗೇಟಿನಲ್ಲಿ ಚಕ್ರ ತೊಳೆಯುವ ತೊಟ್ಟಿ, ಇವು ಕ್ವಾರಿಯವರ ಕೆಲಸ.

4. ಟಿಪ್ಪರ್‌ಗಳ ದಾರಿ, ಹೊತ್ತು

ಶಾಲೆ ಬಿಡುವ ಹೊತ್ತಲ್ಲಿ ಓಡಾಟ ಬೇಡ. ಲೋಡ್ ಮೇಲೆ ಟಾರ್ಪಾಲು ಇರಲಿ. ಹಿಂದೆ ದೊಡ್ಡ ಅಕ್ಷರದಲ್ಲಿ ಗಾಡಿಯ ಕ್ರಮಸಂಖ್ಯೆ ಬರೆಸಿದರೆ ದೂರು ಹೇಳುವುದು ಸುಲಭ.

5. ದೂರಿನ ಪುಸ್ತಕ, ಆಮೇಲೆ ಸಮಿತಿ

ಎಷ್ಟೋ ಕಡೆ ಸಮಿತಿ ಮೊದಲು ಹುಟ್ಟುತ್ತದೆ, ಪುಸ್ತಕ ಹುಟ್ಟುವುದೇ ಇಲ್ಲ. ತಿರುಗಿಸಿ ಮಾಡಿ. ದೂರಿನ ದಿನ, ಗಂಟೆ, ಏನಾಯಿತು, ಯಾರು ನೋಡಿದರು, ಏನು ಉತ್ತರ ಕೊಟ್ಟರು, ಇಷ್ಟು ಇದ್ದರೆ ಸಾಕು. ಗಂಟೆ ಬರೆದಿದ್ದರೆ ಕಂಪನದ ಅಂಕಿಯ ಜೊತೆ ತಾಳೆ ನೋಡಬಹುದು. ಉತ್ತರಕ್ಕೆ ಗಡುವು ಇರಲಿ.

ಸಮಿತಿಯಲ್ಲಿ ಹತ್ತಿರದ ಮನೆಯವರು ಇರಲೇಬೇಕು, ಹೆಂಗಸರೂ ಸೇರಿ. ಬಟ್ಟೆ, ನೀರು, ಮಕ್ಕಳ ಕೆಮ್ಮು, ಇದರ ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತು. ಅಧ್ಯಕ್ಷರು ಎರಡೂ ಕಡೆಗೆ ಸೇರದವರಾದರೆ ಒಳ್ಳೆಯದು. ಶಾಲೆಗೆ ಬೆಂಚು ಕೊಡಿಸಿದ್ದನ್ನು ಕ್ವಾರಿಯವರು ದೂರಿಗೆ ಉತ್ತರವಾಗಿ ತರಬಾರದು. ಬೆಂಚು ಬೇರೆ, ಬಿರುಕು ಬೇರೆ.

6. ಮುಚ್ಚುವ ದಿನದ ಮಾತು ಶುರುವಿನಲ್ಲೇ ಆಡಿ

ಕಲ್ಲು ಮುಗಿದ ಮೇಲೆ ಗುಂಡಿ ಉಳಿಯುತ್ತದೆ. ಸ್ವೀಡನ್‌ನ ದಾಲ್‌ಹಲ್ಲಾ ಎಂಬ ಹಳೇ ಸುಣ್ಣಕಲ್ಲು ಕ್ವಾರಿ ಈಗ ಸಂಗೀತ ಕಛೇರಿಗಳ ಬಯಲು ರಂಗಮಂದಿರ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಬಿಳಿ ಜೇಡಿಮಣ್ಣು ತೆಗೆದ ಗುಂಡಿಯಲ್ಲಿ ಎದ್ದ ಈಡನ್ ಪ್ರಾಜೆಕ್ಟ್ ಎಂಬ ಸಸ್ಯತೋಟ 2001ರಲ್ಲಿ ತೆರೆಯಿತು. ಎಲ್ಲ ಕಡೆ ಅಷ್ಟು ದೊಡ್ಡದು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಹೆಚ್ಚಿನ ಗುಂಡಿಗಳಲ್ಲಿ ನೀರು ನಿಲ್ಲುತ್ತದೆ. ಅಂಚು ಕಡಿದಾಗಿರುತ್ತದೆ, ಆಳ ಗೊತ್ತಾಗುವುದಿಲ್ಲ, ಮೇಲೆ ಬೆಚ್ಚಗಿದ್ದರೂ ಕೆಳಗೆ ನೀರು ಮೈ ಕೊರೆಯುವಷ್ಟು ತಣ್ಣಗಿರುತ್ತದೆ. ಈಜಲು ಇಳಿದವರು ಸಾಯುವುದು ಹೀಗೇ. ಆದ್ದರಿಂದ ಒಪ್ಪಂದದ ಕಾಗದದಲ್ಲಿ ಮೂರು ವಿಷಯ ಬರೆಸಿ: ಅಂಚನ್ನು ಮೆಟ್ಟಿಲಾಗಿ ಇಳಿಜಾರು ಮಾಡುವುದು ಯಾವಾಗ, ಅದಕ್ಕೆ ಹಣ ಈಗಲೇ ಯಾವ ಖಾತೆಯಲ್ಲಿ ಇಡುತ್ತಾರೆ, ಕ್ವಾರಿಯವರು ಹೋದ ಮೇಲೆ ಬೇಲಿ ಮುರಿದರೆ ಕಟ್ಟುವವರು ಯಾರು.