ಹಾನ್ಲೆಗೆ ಹೊರಟಾಗ ಬ್ಯಾಗಿಗೆ ಏನು ಹಾಕಿದೆ, ಏನು ಬಿಟ್ಟೆ

ನಕ್ಷತ್ರ ನೋಡೋಕೆ ಅಂತಲೇ ನಾವು ಲಡಾಖಿನ ಹಾನ್ಲೆಗೆ ಹೋದದ್ದು. ಅಲ್ಲಿ ಸುಮಾರು 4,500 ಮೀಟರ್ ಎತ್ತರದ ಗುಡ್ಡದ ಮೇಲೆ, ವಿಜ್ಞಾನಿ ಚಂದ್ರಶೇಖರ್ ಅವರ ಹೆಸರಿನ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಅದನ್ನು ನಮ್ಮ ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ. ಅವರಿಗೆ ಉಪಗ್ರಹದ ಸಂಪರ್ಕ ಇದೆ, ನನಗೆ ಇದ್ದದ್ದು ಒಂದು ಬೆನ್ನಿನ ಬ್ಯಾಗು!

ಹೋಂಸ್ಟೇಗೆ ಮೊದಲೇ ಫೋನ್ ಮಾಡಿ ವಿಚಾರಿಸಿದೆ. ಸೋಲಾರ್ ಕರೆಂಟು, ಸಂಜೆ ಸ್ವಲ್ಪ ಹೊತ್ತು ಅಷ್ಟೇ, ರೂಮಿಗೆ ಒಂದೇ ಪ್ಲಗ್ಗು ಅಂದರು. ಆಮೇಲೆ ಲೆಕ್ಕ ಸುಲಭವಾಯಿತು. ಯಾವುದಕ್ಕೆ ಚಾರ್ಜ್ ಒದಗಿಸೋಕೆ ಆಗಲ್ಲವೋ ಅದು ಮನೆಯಲ್ಲೇ ಇರಲಿ. ಲ್ಯಾಪ್‌ಟಾಪ್ ಬಿಟ್ಟೆ. "ಫೋಟೋ ಎಲ್ಲಿಗೆ ಕಾಪಿ ಮಾಡ್ತೀರಿ?" ಅಂತ ಹೆಂಡತಿ ಕೇಳಿದಳು. ಮೆಮೊರಿ ಕಾರ್ಡ್ ಜಾಸ್ತಿ ತೆಗೆದುಕೊಂಡೆ, ಮುಗಿಯಿತು. ತನ್ನದೇ ಚಾರ್ಜರ್ ಬೇಡುವ ಸ್ಮಾರ್ಟ್‌ವಾಚೂ ಔಟ್. ಡ್ರೋನ್ ಮಾತೇ ಇಲ್ಲ, ಅದು ಗಡಿ ಪ್ರದೇಶ. ಸ್ಯಾಟಲೈಟ್ ಫೋನ್ ಕೊಡ್ತೀನಿ ಅಂತ ವಿದೇಶದಲ್ಲಿರುವ ಗೆಳೆಯ ಹೇಳಿದ್ದ. ಅನುಮತಿ ಇಲ್ಲದೆ ಅದನ್ನು ಭಾರತದಲ್ಲಿ ಇಟ್ಟುಕೊಂಡರೆ ಪೊಲೀಸ್ ಕೇಸಾಗುತ್ತದೆ, ಬೇಡಪ್ಪಾ ಅಂದೆ.

ಪವರ್ ಬ್ಯಾಂಕ್ ಮಾತ್ರ ಬಿಡೋ ಹಾಗಿಲ್ಲ. ನನ್ನದು 20,000 ಎಂಎಎಚ್. ಅದನ್ನು ಸಾವಿರದಿಂದ ಭಾಗಿಸಿ 3.7 ವೋಲ್ಟಿನಿಂದ ಗುಣಿಸಿದರೆ 74 ವ್ಯಾಟ್ ಅವರ್. ವಿಮಾನದಲ್ಲಿ 100ರ ಒಳಗಿದ್ದರೆ ತಕರಾರಿಲ್ಲ. ಆದರೆ ಅದು, ಕ್ಯಾಮೆರಾದ ಹೆಚ್ಚುವರಿ ಬ್ಯಾಟರಿಗಳು, ಎಲ್ಲ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿಗೆ ಹಾಕುವ ಹಾಗಿಲ್ಲ. ಜೊತೆಗೆ ಎರಡು ಪೋರ್ಟಿನ ಒಂದು ಚಾರ್ಜರ್, ಒಂದು ಪುಟ್ಟ ಎಕ್ಸ್‌ಟೆನ್ಷನ್ ಬೋರ್ಡು. ಒಂದೇ ಪ್ಲಗ್ಗಿನ ಸುತ್ತ ಜಗಳ ತಪ್ಪಿಸಿದ್ದು ಈ ಬೋರ್ಡೇ.

ಚಳಿಯದ್ದು ಬೇರೆಯೇ ಕಥೆ. ಲಿಥಿಯಂ ಬ್ಯಾಟರಿ ತಣ್ಣಗಾದರೆ ಒಳಗಿನ ವಿದ್ಯುತ್ ಕಣಗಳ ಓಟ ನಿಧಾನವಾಗುತ್ತದೆ. 30 ಪರ್ಸೆಂಟ್ ತೋರಿಸುತ್ತಿದ್ದ ಫೋನು ಪಟ್ ಅಂತ ಆಫ್. ಜೇಬಲ್ಲಿಟ್ಟು ಬೆಚ್ಚಗೆ ಮಾಡಿದರೆ ಮತ್ತೆ ಏಳುತ್ತದೆ. ಹಾಗಾಗಿ ರಾತ್ರಿ ಬ್ಯಾಟರಿಗಳೆಲ್ಲ ನನ್ನ ರಜಾಯಿ ಒಳಗೆ, ಮಕ್ಕಳ ಹಾಗೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜಿಗೆ ಹಾಕಿದರೆ ಬ್ಯಾಟರಿಯೇ ಹಾಳಾಗುತ್ತದೆ. ಮೊದಲು ಕೋಣೆಯ ಬಿಸಿಗೆ ಬರಲಿ, ಆಮೇಲೆ ಪ್ಲಗ್ಗು. ಕ್ಯಾಮೆರಾವನ್ನು ಒಳಗೆ ತರುವ ಮೊದಲು ಹೊರಗೇ ಪ್ಲಾಸ್ಟಿಕ್ ಕವರಿನಲ್ಲಿ ಗಟ್ಟಿಯಾಗಿ ಕಟ್ಟುತ್ತಿದ್ದೆ. ಆಗ ಒಳಗಿನ ಬೆಚ್ಚನೆ ಗಾಳಿಯ ತೇವ ಹನಿಯಾಗಿ ಕವರಿನ ಮೇಲೆ ಕೂರುತ್ತದೆ, ಲೆನ್ಸಿನ ಮೇಲಲ್ಲ.

ಟಾರ್ಚು? ತಲೆಗೆ ಕಟ್ಟುವಂಥದ್ದು, ಕೆಂಪು ಬೆಳಕು ಇರುವಂಥದ್ದೇ ಬೇಕು. 2022ರಲ್ಲಿ ಹಾನ್ಲೆಯನ್ನು ಡಾರ್ಕ್ ಸ್ಕೈ ರಿಸರ್ವ್, ಅಂದರೆ ದೀಪದ ಬೆಳಕು ತಗ್ಗಿಸಿ ರಾತ್ರಿಯ ಕತ್ತಲನ್ನು ಕಾಪಾಡುವ ಜಾಗ ಅಂತ ಘೋಷಿಸಿದ್ದಾರೆ. ಬಿಳಿ ಬೆಳಕು ಹಚ್ಚಿದರೆ ಪಕ್ಕದವರೂ ಬೈಯುತ್ತಾರೆ, ನಮ್ಮ ಕಣ್ಣೂ ಕತ್ತಲೆಗೆ ಹೊಂದಿಕೊಳ್ಳೋಕೆ ಮತ್ತೆ ಅರ್ಧ ಗಂಟೆ ಬೇಕು.

ಫೋನು ಒಂದೇ ಸಾಕು, ಆದರೆ ಸಿಮ್ ಪೋಸ್ಟ್‌ಪೇಯ್ಡ್ ಇರಲಿ. ನಮ್ಮ ಊರಿನ ಪ್ರೀಪೇಯ್ಡ್ ಲಡಾಖಿನಲ್ಲಿ ನಡೆಯುವುದಿಲ್ಲ. ಮ್ಯಾಪನ್ನು ಬೆಂಗಳೂರಿನಲ್ಲೇ ಡೌನ್‌ಲೋಡ್ ಮಾಡಿಕೊಂಡೆ, ಟಿಕೆಟ್ಟು ಪರ್ಮಿಟ್ಟುಗಳನ್ನು ಕಾಗದದ ಮೇಲೆ ಪ್ರಿಂಟ್ ತೆಗೆದೆ.

ಕೊನೆಗೆ ಆಕ್ಸಿಮೀಟರ್, ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿನ ಆಮ್ಲಜನಕ ಅಳೆಯುವಂಥದ್ದು. ಸಣ್ಣ ಸೆಲ್ಲಿನಲ್ಲಿ ನಡೆಯುತ್ತದೆ, ಚಾರ್ಜಿನ ರಗಳೆ ಇಲ್ಲ. ಬೆರಳು ತಣ್ಣಗಿದ್ದರೆ ಅದು ಸುಮ್ನೆ ಕಡಿಮೆ ತೋರಿಸಿ ಹೆದರಿಸುತ್ತದೆ. ಕೈ ಉಜ್ಜಿ ಬಿಸಿ ಮಾಡಿಕೊಂಡು ಇನ್ನೊಮ್ಮೆ ಹಾಕಿ ನೋಡಿ. ಆಗಲೂ ಕಡಿಮೆ ಇದ್ದು ತಲೆನೋವು, ಏದುಸಿರು ಇದ್ದರೆ ನಕ್ಷತ್ರ ಬಿಟ್ಟು ಕೆಳಗಿಳಿಯಿರಿ.